ನೀರಿನಡಿ ಹೆಬ್ಬೆರಳು ಎತ್ತಬೇಡ ಮಾರಾಯಾ

ಪ್ರೀತಿಯ ಸತೀಶ,

ನೀನು ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಕೇಳಿದೆ. "ಶಾರ್ಕ್ ಜೊತೆ ಈಜಿದ್ಯಂತೆ, ಹೌದಾ?" ಅಂತ ಮೂರು ಸಲ ಕೇಳಿದ್ದೀಯ. ಹೌದು. ಫೋನಿನಲ್ಲಿ ಹೇಳಹೊರಟರೆ ನೀನು ನಗುತ್ತಲೇ ಇರುತ್ತೀಯ, ಮಾತು ಮುಗಿಸಲು ಬಿಡುವುದಿಲ್ಲ. ಅದಕ್ಕೇ ಈ ಪತ್ರ. ಉಳಿದ ಗೆಳೆಯರೂ ಓದಲಿ ಅಂತ ಇಲ್ಲೇ ಹಾಕಿದ್ದೇನೆ.

ಹ್ಯೂಸ್ಟನ್‌ನಿಂದ ಬೆಲೀಜ್‌ಗೆ ವಿಮಾನದಲ್ಲಿ ಸುಮಾರು ಎರಡೂವರೆ ಗಂಟೆ. ಮಧ್ಯ ಅಮೆರಿಕದ ಪುಟ್ಟ ದೇಶ ಅದು. ಅಲ್ಲಿಂದ ಪುಟ್ಟ ವಿಮಾನ ಹತ್ತಿ ಸ್ಯಾನ್ ಪೆಡ್ರೊ ಎಂಬ ದ್ವೀಪದ ಊರಿಗೆ. ರಸ್ತೆ ತುಂಬ ಗಾಲ್ಫ್ ಗಾಡಿಗಳು. ದಡದಲ್ಲಿ ನಿಂತರೆ ದೂರದಲ್ಲಿ ಉದ್ದಕ್ಕೂ ಬಿಳಿ ಗೆರೆ ಕಾಣುತ್ತದೆ. ಅಲೆಗಳು ಹವಳದ ದಿಬ್ಬಕ್ಕೆ ಬಡಿದು ಒಡೆಯುವ ಜಾಗ ಅದು. ಆ ದಿಬ್ಬದಲ್ಲಿ ಒಂದು ಕಡೆ ಸಂದು ಬಿಟ್ಟಿದೆ. ಅದೇ ಹೋಲ್ ಚಾನ್. ಮಾಯಾ ಭಾಷೆಯಲ್ಲಿ ‘ಸಣ್ಣ ಕಾಲುವೆ’ ಅಂತ ಅರ್ಥವಂತೆ. 1987ರಿಂದ ಅದು ಸಂರಕ್ಷಿತ ಕಡಲು. ಪರವಾನಗಿ ಇರುವ ಗೈಡ್ ಜೊತೆಗಿಲ್ಲದೆ ಯಾರೂ ಅಲ್ಲಿ ನೀರಿಗಿಳಿಯುವ ಹಾಗಿಲ್ಲ. ದುಡ್ಡು ಕೀಳುವ ದಾರಿ ಇದು ಅಂದುಕೊಂಡಿದ್ದೆ ನಾನು. ಇಳಿದ ಐದೇ ನಿಮಿಷಕ್ಕೆ ಆ ಮಾತು ವಾಪಸ್ ತಗೊಂಡೆ.

ಆದದ್ದಿಷ್ಟು. ಗೈಡ್ ದೋಣಿಯಲ್ಲೇ ಕೈಸನ್ನೆಗಳನ್ನು ಹೇಳಿಕೊಡುತ್ತಿದ್ದ. ನಾನು "ಗೊತ್ತು ಗೊತ್ತು" ಅಂತ ಫೋಟೋ ತೆಗೆಯುತ್ತಾ ಕೂತಿದ್ದೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ತಳಕ್ಕೆ ಹೋದ ಮೇಲೆ ಅವನು ಬೆರಳು ಉಂಗುರ ಮಾಡಿ "ಸರಿ ಇದೀಯಾ?" ಅಂತ ಕೇಳಿದ. ನಾನು ಖುಷಿಯಲ್ಲಿ ಹೆಬ್ಬೆರಳು ಎತ್ತಿದೆ. ಅವನ ಮುಖ ಬದಲಾಯಿತು. ಎಲ್ಲರಿಗೂ ಅದೇ ಹೆಬ್ಬೆರಳು ತೋರಿಸಿದ. ಇಡೀ ಗುಂಪು ಮೆಲ್ಲಗೆ ಮೇಲೇರಿತು! ನೀರಿನಡಿ ಹೆಬ್ಬೆರಳು ಎತ್ತಿದರೆ ‘ಮೇಲೆ ಹೋಗೋಣ’ ಅಂತ ಅರ್ಥ ಕಣೋ. "ಏನಾಯ್ತು?" ಅಂದ. "ಸೂಪರ್ ಅಂತ ಹೇಳಿದೆ ಅಷ್ಟೇ" ಅಂದೆ. ಜೊತೆಗಿದ್ದ ಇಬ್ಬರು ಅಜ್ಜಂದಿರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಮತ್ತೆ ಇಳಿದೆವು. ಆ ಕಾಲುವೆ ಬರೀ 9 ಮೀಟರ್ ಆಳ. ಅಷ್ಟಕ್ಕೇ ಒತ್ತಡ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ, ಪ್ರತಿ ಉಸಿರಿಗೂ ಅಷ್ಟೇ ಜಾಸ್ತಿ ಗಾಳಿ ಖರ್ಚು. ಅದರ ಮೇಲೆ ನಾನು ಕೈಕಾಲು ಬಡಿಯುವವನು. ಎಲ್ಲರಿಗಿಂತ ಮೊದಲು ಸಿಲಿಂಡರ್ ಖಾಲಿಯಾಗುತ್ತಾ ಬಂದದ್ದು ನನ್ನದೇ. ಗೈಡ್ ಮಾತ್ರ ಎರಡೂ ಕೈ ಎದೆಗೆ ಕಟ್ಟಿಕೊಂಡು, ಊಟ ಮುಗಿಸಿ ಜಗಲಿಯಲ್ಲಿ ಅಡ್ಡಾಡುವವನ ಹಾಗೆ ಹೋಗುತ್ತಿದ್ದ. ಹವಳಕ್ಕೆ ಕೈ ತಾಗದಿರಲಿ ಅಂತ ಹಾಗೆ.

ಒಂದು ಕಡೆ ನಿಲ್ಲಿಸಿ ಕಿವಿ ತೋರಿಸಿದ. ಕಟರ್ ಕಟರ್ ಸದ್ದು. ಚಕ್ಕುಲಿ ಕಡಿದ ಹಾಗೆ. ಗಿಣಿಮೀನುಗಳು ಹವಳದ ಮೇಲಿನ ಪಾಚಿ ಕೆರೆದು ತಿನ್ನುತ್ತಿದ್ದವು. ಪಾಚಿಯ ಜೊತೆ ಹವಳದ ಪುಡಿಯೂ ಹೊಟ್ಟೆಗೆ ಹೋಗುತ್ತದೆ, ಹಿಂದಿನಿಂದ ಬಿಳಿ ಮರಳಾಗಿ ಬರುತ್ತದೆ. ನಾವು ಫೋಟೋ ತೆಗೆಸಿಕೊಳ್ಳುವ ಬಿಳಿ ಬೀಚಿನಲ್ಲಿ ಇದರದ್ದೂ ಪಾಲಿದೆ, ಗೊತ್ತಾ? ಇವು ಇಲ್ಲದಿದ್ದರೆ ಪಾಚಿ ಹವಳವನ್ನು ಮುಚ್ಚಿಬಿಡುತ್ತದೆ. ಅದಕ್ಕೇ 2009ರಲ್ಲಿ ಬೆಲೀಜ್ ದೇಶ ಗಿಣಿಮೀನು ಹಿಡಿಯುವುದನ್ನೇ ನಿಷೇಧಿಸಿತು. ಎಲ್ಲವೂ ಚೆನ್ನಾಗಿದೆ ಅಂತಲ್ಲ. ಮಿದುಳಿನ ಹಾಗೆ ಸುರುಳಿ ಸುರುಳಿಯಾದ ಒಂದು ದೊಡ್ಡ ಹವಳ ಪೂರ್ತಿ ಸತ್ತು ಬೂದಿ ಬಣ್ಣಕ್ಕೆ ತಿರುಗಿತ್ತು. 2014ರಲ್ಲಿ ಫ್ಲೋರಿಡಾದಲ್ಲಿ ಶುರುವಾದ ಹವಳದ ರೋಗ 2019ರಲ್ಲಿ ಇಲ್ಲಿಗೂ ಬಂದಿದೆ. ಗೈಡ್ ಅದರ ಮುಂದೆ ಸ್ವಲ್ಪ ಹೊತ್ತು ನಿಂತ. ಕೈಸನ್ನೆ ಏನೂ ಮಾಡಲಿಲ್ಲ.

ಈಗ ನಿನ್ನ ಶಾರ್ಕ್ ವಿಷಯ. ಪಕ್ಕದಲ್ಲೇ ಶಾರ್ಕ್ ರೇ ಅಲಿ ಅಂತ ಆಳವಿಲ್ಲದ ಜಾಗ. ಅಲ್ಲಿಗೆ ಸಿಲಿಂಡರ್ ಬೇಡ, ಬಾಯಲ್ಲಿಟ್ಟು ಉಸಿರಾಡುವ ನಳಿಕೆ, ಅಂದರೆ ಸ್ನಾರ್ಕೆಲ್ ಸಾಕು. ಹಿಂದೆ ಮೀನುಗಾರರು ಮನೆಗೆ ಮರಳುವಾಗ ಅಲ್ಲೇ ದೋಣಿ ನಿಲ್ಲಿಸಿ ಮೀನು ಹೆಚ್ಚುತ್ತಿದ್ದರು. ತಲೆ, ಕರುಳು ನೀರಿಗೆ. ನಿಮ್ಮ ಮಲ್ಪೆ ಬಂದರಿಗೆ ದೋಣಿ ಬಂದರೆ ಹದ್ದು, ಕಾಗೆ, ಬೆಕ್ಕು ಎಲ್ಲಾ ಮುತ್ತಿಕೊಳ್ಳುವುದಿಲ್ವಾ, ಅಲ್ಲಿ ತಾಟೆ (ಶಾರ್ಕ್) ಮತ್ತು ತೊರಕೆ (ಚಪ್ಪಟೆಯಾದ ರೇ ಮೀನು) ಮುತ್ತಿಕೊಂಡವು. ಅವುಗಳ ಆ ರೂಢಿ ಹಾಗೇ ಉಳಿದಿದೆ. 1999ರಲ್ಲಿ ಆ ಜಾಗವನ್ನೂ ಸಂರಕ್ಷಿತ ಕಡಲಿಗೆ ಸೇರಿಸಿದರು. ನಮ್ಮ ಗೈಡ್ ಒಂದು ಚೂರು ಮೀನೂ ಎಸೆಯಲಿಲ್ಲ. ಎಂಜಿನ್ ಸದ್ದಿಗೇ ಬಂದುಬಿಟ್ಟವು! ನರ್ಸ್ ಶಾರ್ಕ್ ಅಂತ ಹೆಸರು, ಕಂದು ಬಣ್ಣ, ಸಣ್ಣ ಬಾಯಿ, ಮೀಸೆಯಂಥ ಎರಡು ಎಳೆ. ಬಾಣಂತಿಯರಿಗೆ ತಾಟೆ ಸಾರು ಕೊಡುವ ನಿಮ್ಮಮ್ಮ ನೆನಪಾದರು. ಇದನ್ನು ಗೈಡ್‌ಗೆ ಹೇಳಲಿಲ್ಲ. ಆದರೆ ಅವನ ಅಪ್ಪನೂ ಲಾಬ್‌ಸ್ಟರ್ ಹಿಡಿಯುತ್ತಿದ್ದವನೇ. ಅಪ್ಪ ಇದೇ ಜಾಗದಲ್ಲಿ ಮೀನು ಹೆಚ್ಚಿದ್ದ, ಮಗ ಇಲ್ಲಿಗೆ ನಮ್ಮಂಥವರನ್ನು ಕರೆತರುತ್ತಾನೆ.

ಬ್ಲೂ ಹೋಲ್‌ಗೆ ಹೋಗಲಿಲ್ಲ. ಕಡಲ ನಡುವಿನ ದುಂಡನೆಯ ದೊಡ್ಡ ಗುಂಡಿ ಅದು, 300 ಮೀಟರ್ ಅಗಲ, 120 ಮೀಟರಿಗೂ ಜಾಸ್ತಿ ಆಳ. ಅಲ್ಲಿ ಮೇಲಿನಿಂದ ಜೋತುಬಿದ್ದ ಕಲ್ಲಿನ ಕಂಬಗಳನ್ನು ನೋಡಲು 40 ಮೀಟರ್ ಇಳಿಯಬೇಕು. ಹೆಬ್ಬೆರಳು ಎತ್ತುವವನ ಕೆಲಸ ಅಲ್ಲ ಅದು.

ನೀನು ಬರುವುದಾದರೆ ಮೊದಲು ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಕಲಿತುಕೋ. ಮೀಸೆ ಬೋಳಿಸಿಯೇ ಹೋಗು. ನನ್ನ ಮಾಸ್ಕಿನೊಳಗೆ ನೀರು ಬಂದದ್ದು ಅದರಿಂದಲೇ. ವ್ಯಾಸಲೀನ್ ಹಚ್ಚಿದರೂ ಪೂರ್ತಿ ನಿಲ್ಲಲಿಲ್ಲ. ಕೊನೇ ಡೈವ್ ಆದ ಮೇಲೆ ಒಂದು ದಿನ ವಿಮಾನ ಹತ್ತಬೇಡ.

ನಿಮ್ಮಪ್ಪನನ್ನು ಒಂದು ಮಾತು ಕೇಳಿ ಹೇಳು. ಎಂಜಿನ್ ಸದ್ದಿಗೆ ತಾಟೆ ಹತ್ತಿರ ಬರುವುದನ್ನು ಅವರು ನಮ್ಮ ಕಡಲಲ್ಲಿ ಯಾವತ್ತಾದರೂ ಕಂಡಿದ್ದಾರಾ?

ನಿನ್ನ,
ಹ್ಯೂಸ್ಟನ್ ಗೆಳೆಯ