ಸೈಕಲ್ ಮೇಲೆ ಪಾವ್ ತರುವ ಅಣ್ಣನಿಗೆ

ಗೋವಾದ ಮಡಗಾಂವ್‌ನ ನಮ್ಮ ಓಣಿಗೆ ಬೆಳಿಗ್ಗೆ ‘ಪೊಂಯ್ ಪೊಂಯ್’ ಹಾರ್ನ್ ಒತ್ತುತ್ತಾ ಪಾವ್, ಪೊಯಿ (ಇಲ್ಲಿನ ಗೋಧಿ ಬ್ರೆಡ್) ತರುವ ಅಣ್ಣಾ, ನಿಮ್ಮ ಹೆಸರು ಕೇಳುವುದೇ ಮರೆತೆ.

ಭಾನುವಾರ ಮಕ್ಕಳ ಜೊತೆ ಬ್ರೆಡ್ ಮಾಡಲು ಹೊರಟಿದ್ದೆ. ಎರಡು ತಾಸಾದರೂ ಹಿಟ್ಟು ಕಲ್ಲಿನಂತೆ ಕೂತಿತ್ತು. ಹಾರ್ನ್ ಕೇಳಿದ್ದೇ ಮಗಳು ಪಾತ್ರೆ ಎತ್ತಿಕೊಂಡು ಗೇಟಿಗೆ ಓಡಿದಳು. ಬುಟ್ಟಿಯ ಪಾವ್ ಆರುತ್ತಿದ್ದರೂ ನೀವು ಸೈಕಲ್ ಒರಗಿಸಿ, ಹಿಟ್ಟು ಮೂಸಿ, ಅಪ್ಪಟ ಗದಗಿನ ಮಾತಿನಲ್ಲಿ ಕೇಳಿದಿರಿ: “ಕುದಿಯೋ ನೀರು ಹಾಕೀರೇನ್ರಿ ಅಕ್ಕಾರ? ಈಸ್ಟ್ ಸತ್ತೈತಿ. ಕೂಸಿಗೆ ಎರೆಯೋವಷ್ಟು ಬೆಚ್ಚಗಿದ್ರ ಸಾಕು.”

ಈಸ್ಟ್ ಜೀವಂತ ಅಂತ ಮಕ್ಕಳಿಗೆ ಗೊತ್ತಾಗಿದ್ದೇ ಆಗ. (ನಿಜ ಹೇಳಬೇಕೆಂದರೆ ನನಗೂ!) 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಉಳಿಯುವುದಿಲ್ಲ. ಮತ್ತೆ ಹೊಸ ಈಸ್ಟ್, ಉಗುರುಬೆಚ್ಚಗಿನ ನೀರು, ಚಿಟಿಕೆ ಸಕ್ಕರೆ. ಹತ್ತು ನಿಮಿಷಕ್ಕೆ ಲೋಟದ ತುಂಬ ನೊರೆ. “ಅಮ್ಮಾ, ಉಸಿರಾಡ್ತಿದೆ!” ಎಂದು ಮಗ ಕಿವಿಯನ್ನೇ ಲೋಟಕ್ಕಿಟ್ಟ. ಅದು ಬಿಡುವ ಕಾರ್ಬನ್ ಡೈಆಕ್ಸೈಡ್‌ನಿಂದಲೇ ಹಿಟ್ಟು ಉಬ್ಬುವುದು ಅಂದರೆ, ಪುಸ್ತಕ ತೆಗೆಯದೆಯೇ ಒಪ್ಪಿದ.

ಬ್ರೆಡ್ ಒಂದು ಕಡೆ ವಾಲಿತ್ತು, ತಳ ಸೀದಿತ್ತು. ತುಂಬಾ ಥ್ಯಾಂಕ್ಸ್ ಅಣ್ಣಾ. ನಿಮಗೆಂದು ಎತ್ತಿಟ್ಟಿದ್ದ ತುಂಡನ್ನು ಮಾತ್ರ ಮಗ ರಾತ್ರಿಯೇ ತಿಂದುಬಿಟ್ಟ.