ತಾತನ ಕಾಸಿನ ಡಬ್ಬಿ

ಚಿ. ಪುಟ್ಟನಿಗೆ ಅಜ್ಜಿಯ ಆಶೀರ್ವಾದಗಳು.

ತಾತನ ಕಾಸಿನ ಡಬ್ಬಿ ಮಾರಬೇಕು ಅಂತಿದ್ದೀಯಂತೆ. ಹಳೇ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ ಅಂದವರು ಮೊದಲು ಕಮಿಷನ್ ಕಳಿಸಿ ಅಂದರಂತೆ. ಒಂದು ರೂಪಾಯಿಯನ್ನೂ ಕಳಿಸಬೇಡ ಕಂದಾ. ಇಂಥವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ.

ಮಾರುವ ಮಾತು ಆಮೇಲೆ. ಮೊದಲು ಡಬ್ಬಿಯನ್ನು ಚಾಪೆಯ ಮೇಲೆ ಸುರಿದು, ಇಸವಿ ನೋಡಿ ಸಾಲಾಗಿ ಜೋಡಿಸು. ಹುಣಸೆಹುಳಿ ಹಾಕಿ ತಿಕ್ಕಬೇಡ. ಹೊಳಪು ಬರುತ್ತದೆ, ಆದರೆ ಸಂಗ್ರಹ ಮಾಡುವವರು ಅಂಥದ್ದನ್ನು ಇಷ್ಟಪಡುವುದಿಲ್ಲ.

1940ಕ್ಕೆ ಮುಂಚಿನ ರೂಪಾಯಿಯಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಬೆಳ್ಳಿ. ಎರಡನೇ ಮಹಾಯುದ್ಧ ಶುರುವಾದ ಮೇಲೆ ಅದು ಅರ್ಧಕ್ಕೆ ಇಳಿಯಿತು. 1947ರದ್ದರಲ್ಲಿ ಬೆಳ್ಳಿಯೇ ಇಲ್ಲ, ಬರೀ ನಿಕ್ಕಲ್. ತಾಮ್ರಕ್ಕೂ ತತ್ವಾರ ಬಂದು, 1943ರಿಂದ ಒಂದು ಪೈಸೆಯನ್ನು ನಡುವೆ ತೂತು ಬಿಟ್ಟೇ ಅಚ್ಚು ಹಾಕಿದರು. ಅಂಥ ತೂತಿನ ಕಾಸನ್ನೇ ನನ್ನಮ್ಮ ನನ್ನ ಉಡಿದಾರಕ್ಕೆ ಪೋಣಿಸಿದ್ದರು. ಅದೂ ಡಬ್ಬಿಯಲ್ಲಿದೆ, ಹುಡುಕು.

ಆಮೇಲಿನದು ನಾನೇ ಕಂಡದ್ದು. ಅರವತ್ತರ ದಶಕದಲ್ಲಿ ಎರಡು ಯುದ್ಧ, ಬರಗಾಲ, ರೇಷನ್ ಅಂಗಡಿ ಮುಂದೆ ಸಾಲು. ಬೆಲೆ ಏರಿದ ಹಾಗೆ ಕಾಸಿನ ಬೆಲೆಗಿಂತ ಅದರ ಲೋಹದ ಬೆಲೆಯೇ ಜಾಸ್ತಿಯಾಗುವ ಭಯ. ಹಾಗಾದರೆ ಜನ ಕರಗಿಸಿಬಿಡುತ್ತಾರೆ, ಅಲ್ವಾ? ಅದಕ್ಕೇ ಸರ್ಕಾರ ಅಲ್ಯೂಮಿನಿಯಂ ಹಿಡಿಯಿತು. 1964ರಲ್ಲಿ ಆರು ಮೂಲೆಯ ಮೂರು ಪೈಸೆ ಬಂತು. ಮರುವರ್ಷ ಒಂದು ಪೈಸೆಯೂ ಹಗುರವಾಯಿತು. ಮುಕ್ಕಾಲು ಗ್ರಾಂ ಅಷ್ಟೆ! ಹಂಡೆಯ ನೀರಿನ ಮೇಲೆ ಮೆಲ್ಲಗೆ ಇಟ್ಟರೆ ತೇಲುತ್ತಿತ್ತು. ನಮಗದು ಆಟ. ಅಮ್ಮ ಮಾತ್ರ ಆ ಕಾಸನ್ನು ಕೈಯಲ್ಲಿ ತೂಗಿ ನೋಡಿ, 'ದುಡ್ಡಿಗೆ ತೂಕವೇ ಇಲ್ಲ' ಅನ್ನುತ್ತಿದ್ದರು. ಅವರ ಮುಖ ಈಗಲೂ ಕಣ್ಣ ಮುಂದಿದೆ.

1988ರಿಂದ ಸ್ಟೀಲು ಬಂತು. 2011ರ ಜೂನ್ 30ಕ್ಕೆ ನಾಲ್ಕಾಣೆಯೂ ಮುಗಿಯಿತು. ಆಣೆ ಲೆಕ್ಕ ಹೋಗಿದ್ದು 1957ರಲ್ಲೇ, ಆದರೂ 25 ಪೈಸೆಯನ್ನು ಕೊನೇತನಕ ನಾವು ನಾಲ್ಕಾಣೆ ಅಂತಲೇ ಕರೆದೆವು.

ಇಷ್ಟು ನೋಡಿದ ಮೇಲೂ ಮಾರಬೇಕು ಅನ್ನಿಸಿದರೆ ಮಾರು, ನಾನು ತಡೆಯುವುದಿಲ್ಲ. ತೂತಿನ ಕಾಸು ಮಾತ್ರ ನನಗೆ ಬೇಕು. ದೀಪಾವಳಿಗೆ ಬರುವಾಗ ಅದನ್ನೂ, ಒಂದು ಹಗುರ ಪೈಸೆಯನ್ನೂ ತಾ. ನೀರು ತುಂಬುವ ಹಬ್ಬದ ದಿನ ಹಂಡೆಯಲ್ಲಿ ತೇಲಿಸಿ ತೋರಿಸುತ್ತೇನೆ.

ನಿನ್ನ ಅಜ್ಜಿ