ಪೊಟೋಸಿಯಿಂದ ಸೈರನ್‌ಗೆ

ಲೋ ಸೈರನ್ನೂ,

ವಾಟ್ಸಾಪಲ್ಲಿ ಬರೆದ್ರೆ ಬರೀ ಹೆಬ್ಬೆಟ್ಟು ಕಳಿಸ್ತೀಯ, ಅದಕ್ಕೇ ಇಲ್ಲಿ, ಎಲ್ಲರ ಮುಂದೆ. ಬೊಲಿವಿಯಾಗೆ ಬಂದು ಹದಿನಾಲ್ಕು ದಿನ ಆಯ್ತು. ಇದೆಲ್ಲ ಒಂದೇ ದೇಶ ಅಂತ ನಂಬೋಕಾಗಲ್ಲ ಮಾರಾಯ, ಸಾಂತಾ ಕ್ರೂಸಲ್ಲಿ ಇಳಿದಾಗ ಸೆಕೆಗೆ ಅಂಗಿ ಮೈಗಂಟ್ಕೊಂಡಿತ್ತು, ಲಾ ಪಾಸ್ ನೋಡಿದ್ರೆ 3,600 ಮೀಟರ್ ಎತ್ತರ, ಹತ್ತು ಮೆಟ್ಟಿಲು ಹತ್ತೋಷ್ಟರಲ್ಲಿ ಏದುಸಿರು, ಅಲ್ಲಿ ಜನ ಕೆಲಸಕ್ಕೆ ರೋಪ್‌ವೇಲಿ ಹೋಗ್ತಾರೆ. ಸಂತೇಲಿ ಬೌಲರ್ ಟೋಪಿ, ನೆರಿಗೆ ಲಂಗದ ಐಮಾರಾ ಜನಾಂಗದ ಅಜ್ಜಿ ಹತ್ರ ಕಿತ್ತಳೆ ತಗೊಂಡೆ, ಮೇಲೆ ಒಂದು ಹಾಕಿದ್ಲು. ಅದಕ್ಕೆ 'ಯಾಪಾ' ಅಂತಾರೆ. ನಮ್ಮ ಕೊಸರು ಕಣೋ! ಜನ ಅದನ್ನ ಕೇಳೋ ಧಾಟಿನೂ ಥೇಟ್ ನಿಮ್ಮಮ್ಮಂದೇ.

ಉಯುನಿ ಉಪ್ಪಿನ ಬಯಲಿನ ಫೋಟೋ ಹಾಕಿದೀನಿ, ನೋಡ್ಕೋ. ಬೆಳ್ಳಗಿದೆ, ಅಷ್ಟೆ.

ಹೇಳಬೇಕಿರೋದು ಪೊಟೋಸಿ ಅನ್ನೋ ಗಣಿ ಊರಿನ ಬಗ್ಗೆ. ಸೆರೋ ರಿಕೊ ಅಂತ ಬೆಟ್ಟ, 1545ರಿಂದ ಅಗೀತಾನೇ ಇದಾರೆ. ಸ್ಪೇನಿನವರು ಬೆಳ್ಳಿ ಬಳ್ಕೊಂಡು ಹೋದ್ರು, ಉಳಿದಿದ್ದಕ್ಕೆ, ತವರಕ್ಕೆ, ಸತುವಿಗೆ, ಈಗಲೂ ಜನ ಒಳಗೆ ಇಳೀತಾರೆ, ಅದನ್ನ ನೋಡೋಕೆ ನಮ್ಮಂಥವರಿಗೆ ಟೂರ್ ಬೇರೆ. ಗಣಿಗಾರರ ಮಾರ್ಕೆಟಲ್ಲಿ ಜಗಿಯೋ ಕೋಕಾ ಎಲೆ ತಗೊಂಡು ಅವರಿಗೆ ಕೊಡಬೇಕು. ಒಳಗೆ 'ಎಲ್ ತಿಯೊ' ಕೂತಿರ್ತಾನೆ, ಕೊಂಬು, ಬಾಯಲ್ಲಿ ಸಿಗರೇಟು, ದೇವರೋ ದೆವ್ವವೋ. ನೆಲದ ಮೇಲೆ ಚರ್ಚು, ನೆಲದೊಳಗೆ ಇವನೇ ಧಣಿ. ಅವನ ಪಕ್ಕ ಒಬ್ಬರು ಹೆಲ್ಮೆಟ್ ತೆಗೆದು ಕೂತಿದ್ರು, ಕೆನ್ನೆ ತುಂಬ ಎಲೆ. ಕೆಮ್ಮಿದ್ರು.

ಆ ಕೆಮ್ಮು ನಂಗೆ ಗೊತ್ತು. ನೀನು ಮನೆಯಿಂದ ಫೋನ್ ಮಾಡಿದಾಗೆಲ್ಲ ಹಿಂದೆ ಕೇಳಿಸ್ತಿತ್ತಲ್ಲ.

ಎತ್ತಿದ್ದ ಮೊಬೈಲ್ ಇಳಿಸಿಬಿಟ್ಟೆ. ಸುಳ್ಳು, ಫೋಟೋ ತೆಗೆದೆ, ಆಮೇಲೆ ಇಳಿಸಿದೆ.

ಬೆಂಗಳೂರಿಂದ ನಿಮ್ಮ ಕೆಜಿಎಫ್ ಎಷ್ಟು ದೂರ ಹೇಳು, ನೂರು ಕಿಲೋಮೀಟರ್. ಒಂದು ಸಲನೂ ಬರಲಿಲ್ಲ ನಾನು. 2001ರಲ್ಲಿ ಗಣಿ ಮುಚ್ಚಿದ ಮೇಲಂತೂ "ಅಲ್ಲಿ ನೋಡೋಕೇನಿದೆ" ಅಂತಿದ್ದೆ. ನಿಮ್ಮಪ್ಪ ತೀರ್ಕೊಂಡಾಗ ರಜ ಸಿಗಲಿಲ್ಲ ಅಂದ್ನಲ್ಲ, ನಾನು ರಜ ಕೇಳಿರಲೇ ಇಲ್ಲ ಕಣೋ. ನಿನ್ನ ಮುಂದೆ ನಿಂತು ಏನು ಹೇಳಬೇಕೋ ಗೊತ್ತಾಗಲಿಲ್ಲ. ಯಾರೋ ಗುರುತಿಲ್ಲದವರ ಕೆಮ್ಮು ಕೇಳೋಕೆ ಮಾತ್ರ ದುಡ್ಡು ಕೊಟ್ಟು ಅರ್ಧ ಭೂಮಿ ಸುತ್ತಿ ಬಂದೆ.

ಸರಿ ಬಿಡು, ಇದು 4,000 ಮೀಟರ್ ಎತ್ತರದ ಮಾತು, ಆಕ್ಸಿಜನ್ ಕಮ್ಮಿ ಇಲ್ಲಿ. ಓದ್ತಿರೋ ಮಿಕ್ಕವರು ದಯವಿಟ್ಟು ಅಳೋ ಇಮೋಜಿ ಹಾಕಬೇಡಿ. ನಿಮ್ಮಮ್ಮಂಗೆ ಚುನ್ಯೋ ತರ್ತಿದೀನಿ, ರಾತ್ರಿ ಹಿಮಕ್ಕೆ, ಹಗಲು ಬಿಸಿಲಿಗೆ ಹಾಕಿ, ತುಳಿದು ಒಣಗಿಸಿದ ಆಲೂಗಡ್ಡೆ, ಗೋಲಿ ತರ ಇದೆ. ಸಾರಿಗೆ ಬೀಳುತ್ತೋ, ನನ್ನ ತಲೆಗೆ ಬೀಳುತ್ತೋ, ಬಂದೇ ನೋಡ್ತೀನಿ.

ಹಸಿರು ಸ್ವೆಟರ್ ಮಾತ್ರ ವಾಪಸ್ ಕೇಳಬೇಡ.